ಸೌದೆಗೊಂದು ಜಾಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ಈ ಮೂರು ಪೇಟೆಗಳಲ್ಲಿ ಒಂದರ ಪಟ್ಟಣ ಪಂಚಾಯಿತಿಗೆ ನಾನು ಸದಸ್ಯೆಯಾಗಿದ್ದೆ. ಯಾವುದೆಂದು ಬರೆಯುವುದಿಲ್ಲ. ಬರೆದರೆ ನಮ್ಮ ಭಾವ ಓದುತ್ತಾರೆ, ಓದಿದರೆ ತಿದ್ದುತ್ತಾರೆ. ಅವರ ಮನೆಗೂ ನಮ್ಮ ಮನೆಗೂ ನಡುವೆ ಇರುವುದು ಒಂದೇ ಗೋಡೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಅವರೂ ಅದೇ ಪಂಚಾಯಿತಿಯ ಸದಸ್ಯರು. ನಾವೆಲ್ಲ ವಾಸವಿರುವ ಗುಡ್ಡದ ವಾರ್ಡು ಅವರದು. ನನ್ನದು ಕೆಳಗೆ ಹಳ್ಳದ ಬದಿಯ ವಾರ್ಡು. ಅದು ಮಹಿಳೆಗೆ ಮೀಸಲಾಗಿತ್ತು, ಅಲ್ಲಿ ನನ್ನ ಹೊಲಿಗೆ ಅಂಗಡಿ ಇತ್ತು, ಅರ್ಧ ವಾರ್ಡಿನ ರವಿಕೆ ಅಳತೆ ನನಗೆ ಗೊತ್ತಿತ್ತು. ಇದಕ್ಕಿಂತ ಹೆಚ್ಚಿನ ಅರ್ಹತೆಯನ್ನು ಯಾರೂ ಕೇಳಲಿಲ್ಲ. ನನ್ನನ್ನು ಚುನಾವಣೆಗೆ ನಿಲ್ಲಿಸಿದ್ದು ಭಾವನೇ. ಸಭೆಯಲ್ಲಿ ಮನೆಯವರದೇ ಇನ್ನೊಂದು ಕೈ ಇದ್ದರೆ ಒಳ್ಳೆಯದು ಎಂಬುದು ಅವರ ಅಂದಾಜು.

ಮೊದಲೆರಡು ವರ್ಷ ಆ ಕೈ ಅವರ ಕೈಯ ಜೊತೆಗೇ ಏಳುತ್ತಿತ್ತು. ಬೀದಿ ದೀಪ, ಚರಂಡಿಯ ಹೂಳು, ಸಂತೆಯ ಹರಾಜು, ಯಾವುದರಲ್ಲೂ ನನಗೆ ಬೇರೆ ಅಭಿಪ್ರಾಯ ಹುಟ್ಟಲಿಲ್ಲ. ನಡಾವಳಿಯಲ್ಲಿ ಪ್ರತಿ ಸಲವೂ 'ಸರ್ವಾನುಮತದಿಂದ' ಎಂದು ಬರೆಯುತ್ತಿದ್ದರು. ಸಭೆ ಮುಗಿದ ಮೇಲೆ ಭಾವನ ಸ್ಕೂಟರಿನಲ್ಲಿ ಹಿಂದೆ ಕೂತು ಮನೆಗೆ ಬರುತ್ತಿದ್ದೆ.

ಹಳ್ಳದ ಬದಿಯ ಜನರಿಗೆ ಮನೆ ಕಟ್ಟಿಸುವ ಅನುದಾನ ಬಂದಾಗ ಈ ಕ್ರಮ ತಪ್ಪಿತು. ಅಲ್ಲಿನವರು ಅಡಿಕೆ ಸುಲಿಯುವವರು, ಲಾರಿಗೆ ಲೋಡು ಮಾಡುವವರು, ಕಾಫಿ ತೋಟದ ಕೆಲಸಕ್ಕೆ ಹೋಗುವವರು. ಪ್ರತಿ ಮಳೆಗಾಲ ಹಳ್ಳ ಮನೆಯೊಳಕ್ಕೆ ಬರುತ್ತಿತ್ತು. ಅವರು ಶಾಲೆಯ ಜಗಲಿಗೆ ಹೋಗುತ್ತಿದ್ದರು. ನೀರು ಇಳಿದ ಮೇಲೆ ವಾಪಸು ಬಂದು ಕೆಸರು ಬಾಚುತ್ತಿದ್ದರು. ಸಂತೆ ಮೈದಾನದ ಹಿಂದೆ ಸ್ವಲ್ಪ ಸರ್ಕಾರಿ ಜಾಗ ಇತ್ತು. ಒಂದೊಂದೇ ಮನೆ ಕಟ್ಟುವಷ್ಟು ಅಗಲವಿಲ್ಲದ್ದರಿಂದ ಮೇಲೊಂದು ಕೆಳಗೊಂದು ಮನೆ ಎಂದು ತೀರ್ಮಾನವಾಯಿತು. ಇಂಜಿನಿಯರು ಬಣ್ಣದ ಚಿತ್ರ ತಂದು ತೋರಿಸಿದರು. ಚಿತ್ರದಲ್ಲಿ ಮನೆಗಳ ಮುಂದೆ ಹುಲ್ಲುಹಾಸು, ಒಂದು ಕೆಂಪು ಕಾರು, ನಾಯಿ ಹಿಡಿದುಕೊಂಡು ಹೋಗುವ ಒಬ್ಬ ಬಿಳಿಯ ಹೆಂಗಸು ಇದ್ದರು. ಆಕೆ ಯಾವ ವಾರ್ಡಿನವರು ಎಂದು ಉಪಾಧ್ಯಕ್ಷರು ಕೇಳಿದರು. ಅದು ಕಂಪ್ಯೂಟರಿನಲ್ಲಿ ತಾನಾಗೇ ಬರುತ್ತದೆ ಎಂದು ಇಂಜಿನಿಯರು ಹೇಳಿದರು.

ಅಲ್ಲಿಗೆ ಹೋಗಿ ಇರುತ್ತೇವೆಂದು ಹಳ್ಳದವರು ಒಪ್ಪಿಗೆ ಕೊಡಬೇಕಿತ್ತು. ಕೊಡದಿದ್ದರೆ ಅನುದಾನ ವಾಪಸು. ಅವರನ್ನೆಲ್ಲ ಕಚೇರಿಗೆ ಕರೆಸಿ ಚಿತ್ರ ತೋರಿಸಿದೆವು.  ಅಡಿಕೆ ಸುಲಿಯುವ ಹೆಂಗಸೊಬ್ಬಳು ಎದ್ದಳು. ನನ್ನ ಅಂಗಡಿಗೆ ಬಂದರೆ ಒಂದು ರವಿಕೆಗೆ ಒಂದು ಮಧ್ಯಾಹ್ನ ಕೂತು ಹೋಗುವವಳು ಅವಳು.

"ಮೇಲಿನ ಮನೆಯೋರು ಸೌದೆ ಎಲ್ಲಿ ಇಡದು?" ಎಂದು ಕೇಳಿದಳು.

ಈಗ ಎಲ್ಲರಿಗೂ ಗ್ಯಾಸ್ ಇದೆಯಲ್ಲ ಎಂದು ಮುಖ್ಯಾಧಿಕಾರಿಗಳು ಹೇಳಿದರು. ಅವರು ಬಯಲುಸೀಮೆಯಿಂದ ವರ್ಗವಾಗಿ ಬಂದವರು.

"ಸ್ನಾನಕ್ಕೂ ಗ್ಯಾಸಾ?" ಎಂದಳು ಅವಳು. ವ್ಯಂಗ್ಯವೇನೂ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದ್ದು.

ಆಮೇಲೆ ಸಭೆ ಸೌದೆಯ ಮೇಲೆ ನಡೆಯಿತು. ಸದಸ್ಯರೆಲ್ಲರ ಮನೆಯಲ್ಲೂ ಬಚ್ಚಲೊಲೆ ಇತ್ತು, ಹಾಗಾಗಿ ಎಲ್ಲರಿಗೂ ಹೇಳುವುದಕ್ಕಿತ್ತು. ಮೆಟ್ಟಿಲ ಕೆಳಗೆ ಇಟ್ಟರೆ ಹಾವು ಸೇರುತ್ತದೆ ಎಂದರು ಒಬ್ಬರು. ಮೇಲಕ್ಕೆ ಹೊತ್ತರೆ ಗೆದ್ದಲೂ ಮೇಲಕ್ಕೆ ಹೋಗುತ್ತದೆ ಎಂದರು ಇನ್ನೊಬ್ಬರು. ಹೊರಗಿಟ್ಟರೆ ಜೂನ್ ಕಳೆಯುವುದರೊಳಗೆ ಅಣಬೆ ಏಳುತ್ತದೆ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಎಲ್ಲರಿಗೂ ಸೇರಿ ಒಂದು ಸೌದೆ ಕೊಟ್ಟಿಗೆ, ಜೊತೆಗೆ ಒಂದು ಬಚ್ಚಲು ಸಾಲು ಆಗಬೇಕು ಎಂದಾಯಿತು. ಅಷ್ಟಾದರೆ ಬರುತ್ತೇವೆ, ಇಲ್ಲದಿದ್ದರೆ ಹಳ್ಳವೇ ಅಭ್ಯಾಸವಾಗಿದೆ ಎಂದು ಹೇಳಿ ಅವರು ಹೊರಟರು.

ತೊಂದರೆ ಇದ್ದದ್ದು ಇಲ್ಲಿ. ಮನೆಯ ಹಣದಲ್ಲಿ ಕೊಟ್ಟಿಗೆ ಕಟ್ಟಲು ಬರುವುದಿಲ್ಲ, ಅದು ಮೂಲಸೌಕರ್ಯದ ಹಣದಿಂದಲೇ ಆಗಬೇಕು ಎಂದರು ಮುಖ್ಯಾಧಿಕಾರಿಗಳು. ಆ ಹಣವನ್ನು ಭಾವ ಆಗಲೇ ಗುಡ್ಡದ ಏರಿನ ರಸ್ತೆಗೆ ಕೇಳಿಯಾಗಿತ್ತು. ಎರಡಕ್ಕೂ ಸಾಲುವಷ್ಟು ಇರಲಿಲ್ಲ.

ಆ ರಸ್ತೆ ನಮ್ಮ ಮನೆಯದೇ. ಆಟೋ ಹತ್ತುವುದಿಲ್ಲ, ಆಂಬುಲೆನ್ಸ್ ಕೆಳಗೇ ನಿಲ್ಲುತ್ತದೆ. ಮುಂದಿನ ಸಭೆಯಲ್ಲಿ ಭಾವ ಎದ್ದು ನಿಂತು, ಕಳೆದ ವರ್ಷ ಒಬ್ಬ ವೃದ್ಧೆಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತು ಇಳಿಸಬೇಕಾಯಿತು, ಇದು ಪಟ್ಟಣಕ್ಕೆ ಶೋಭೆಯಲ್ಲ ಎಂದು ಹೇಳಿದರು. ಆ ವೃದ್ಧೆ ಅವರ ತಾಯಿ, ನನ್ನ ಅತ್ತೆ. ಕುರ್ಚಿಯ ಒಂದು ಕಾಲು ಹಿಡಿದವಳು ನಾನು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಅಧ್ಯಕ್ಷರಿಗೆ ಮತಕ್ಕೆ ಹಾಕುವುದು ಇಷ್ಟವಿರಲಿಲ್ಲ. ಮಾತಾಡಿಕೊಳ್ಳಿ ಎಂದು ಟೀ ತರಿಸಿದರು. ಟೀ ಮುಗಿದರೂ ಯಾರೂ ಮಾತಾಡಿಕೊಳ್ಳಲಿಲ್ಲ. ಕೊನೆಗೆ ಕೈ ಎತ್ತಿಸಿದರು. ರಸ್ತೆಗೆ ಎಷ್ಟು ಕೈಯೋ ಕೊಟ್ಟಿಗೆಗೂ ಅಷ್ಟೇ. ನಾನು ಎರಡಕ್ಕೂ ಎತ್ತಿರಲಿಲ್ಲ. ಎಲ್ಲರೂ ನನ್ನ ಕಡೆ ತಿರುಗಿದರು. ಭಾವ ಮಾತ್ರ ತಿರುಗಲಿಲ್ಲ, ನನ್ನ ಕೈ ಯಾವ ಕಡೆಯದೆಂದು ಅವರಿಗೆ ಖಾತ್ರಿಯಿತ್ತು.

 ರಸ್ತೆ ಈ ವರ್ಷ ಬಿಟ್ಟರೆ ಮುಂದಿನ ವರ್ಷ ಕೇಳಬಹುದು. ಮನೆಯ ಅನುದಾನ ಒಮ್ಮೆ ವಾಪಸು ಹೋದರೆ ಹೋದಂತೆ. ಇದು ನನಗೆ ಗೊತ್ತಿತ್ತು, ಭಾವನಿಗೂ ಗೊತ್ತಿತ್ತು. ಅತ್ತೆಗೆ ಮತ್ತೆ ಎದೆ ನೋವು ಬಂದರೆ ಅದು ಮುಂದಿನ ವರ್ಷದವರೆಗೆ ಕಾಯುವುದಿಲ್ಲ, ಅದೂ ಇಬ್ಬರಿಗೂ ಗೊತ್ತಿತ್ತು. ನಾನು ಕೊಟ್ಟಿಗೆಗೆ ಕೈ ಎತ್ತಿದೆ.

 ಭಾವ ಗುಮಾಸ್ತರಿಗೆ, "ಆಯ್ತು, ಬರ್ಕೊಳ್ಳಿ" ಎಂದರು.

ಹೊರಗೆ ಬಂದಾಗ ಅವರು ಸ್ಕೂಟರ್ ಸ್ಟಾರ್ಟ್ ಮಾಡಿಕೊಂಡು ನಿಂತಿದ್ದರು. ಒಟ್ಟಿಗೆ ಬಂದವರು ಒಟ್ಟಿಗೇ ಹೋಗಬೇಕಲ್ಲ.  ದಾರಿಯಲ್ಲಿ ಎಂದಿನಂತೆ ಬೀಡಾ ಅಂಗಡಿಯ ಮುಂದೆ ನಿಲ್ಲಿಸಿ ಅತ್ತೆಗೆ ಎಲೆ ಅಡಿಕೆ ತಗೊಂಡರು. ಏರಿನ ಬುಡಕ್ಕೆ ಬಂದಾಗ ಗಾಡಿ ನಿಲ್ಲಿಸಿ, "ಇಲ್ಲಿಂದ ನಡಿ. ಇಬ್ರನ್ನ ಎಳೆಯಲ್ಲ" ಎಂದರು. ಯಾವತ್ತೂ ಎಳೆಯುತ್ತಿರಲಿಲ್ಲ, ಯಾವತ್ತೂ ನಾನು ಅಲ್ಲಿ ಇಳಿದು ನಡೆಯುತ್ತಿದ್ದೆ. ಆದರೆ ಯಾವತ್ತೂ ಅವರು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ನಾನು ಮೇಲೆ ತಲುಪುವಷ್ಟರಲ್ಲಿ ಸುದ್ದಿ ತಲುಪಿತ್ತು. ಅತ್ತೆ ನನ್ನನ್ನು ಬೈಯಲಿಲ್ಲ. ಮೆಂಬರ್ರು ಬಂದರು, ಮೆಂಬರ್ರಿಗೆ ಕಾಫಿ ಕೊಡು ಎಂದು ನನ್ನ ಗಂಡನಿಗೆ ಹೇಳಿದರು. ಅಲ್ಲಿಂದ ಮುಂದೆ ಸುಮಾರು ದಿನ ಮನೆಯಲ್ಲಿ ನನಗೆ ಅದೇ ಹೆಸರು. ಮೆಂಬರ್ರ ಸೀರೆ ಒಣಗಿದೆ, ಮೆಂಬರ್ರಿಗೆ ಫೋನ್ ಬಂತು. ನನ್ನ ಗಂಡ ಯಾವ ಕಡೆಗೂ ಸೇರದೆ ಕಾಫಿ ಮಾಡಲು ಕಲಿತರು. ಒಂದು ದಿನ ನಾನು ಕಾಲಿಗೆ ಎಣ್ಣೆ ಹಚ್ಚುತ್ತಿದ್ದಾಗ ಅತ್ತೆಯೇ ಕೇಳಿದರು:

"ಆ ಸೌದೆ ಕೇಳಿದ ಹೆಂಗಸು ಬಚ್ಚಲಿಗೆ ಎಂತ ಮಾಡ್ತಿತ್ತಂತೆ, ಇಷ್ಟು ದಿನ?"

ಹಳ್ಳದ ಬದಿಯಲ್ಲಿ ತಡಿಕೆ ಕಟ್ಟಿಕೊಂಡಿದ್ದಾರೆ, ಬೆಳಕು ಹರಿಯುವ ಮೊದಲೇ ಸ್ನಾನ ಮುಗಿಸಬೇಕು ಎಂದೆ.  ಅತ್ತೆ ಇನ್ನೊಂದು ಕಾಲನ್ನು ಮುಂದೆ ಚಾಚಿದರು. ಮೆಂಬರ್ರು ಎನ್ನುವುದು ಆಮೇಲೆ ನಿಂತಿತು.

ಕಟ್ಟಡದ ಉಸ್ತುವಾರಿಗೆ ಯಾರಾಗುತ್ತೀರಿ ಎಂದು ಅಧ್ಯಕ್ಷರು ಕೇಳಿದಾಗ ಭಾವನೇ ಒಪ್ಪಿಕೊಂಡರು. ಸೇಡು ತೀರಿಸಿಕೊಳ್ಳುತ್ತಾರೆಂದು ಕೆಲವರು ನನ್ನ ಕಿವಿಯಲ್ಲಿ ಹೇಳಿದರು. ಭಾವ ದಿನಾ ಬೆಳಿಗ್ಗೆ ಹೋಗಿ ಸಿಮೆಂಟಿಗೆ ನೀರು ಹಾಕಿದ್ದಾರೋ ಇಲ್ಲವೋ ಎಂದು ಮುಟ್ಟಿ ನೋಡಿದರು. ಕೊಟ್ಟಿಗೆಯ ಮಾಡು ಗಿಡ್ಡವಾಯಿತೆಂದು ಒಮ್ಮೆ ಬಿಚ್ಚಿಸಿದರು. ಗುತ್ತಿಗೆದಾರ ನನ್ನ ಅಂಗಡಿಗೆ ಬಂದು, "ನಿಮ್ ಭಾವನಿಗೆ ಸ್ವಲ್ಪ ಹೇಳಿ ಮಾರಾಯ್ರೆ" ಎಂದು ಕೇಳಿಕೊಂಡ. ನಾವಿಬ್ಬರೂ ಈಗ ಬೇರೆ ಬೇರೆ ಪಕ್ಷ ಎಂದು ಹೇಳಿ ಕಳಿಸಿದೆ.

ಮಳೆಗಾಲಕ್ಕೆ ಮೊದಲು ಜನ ಬಂದು ಸೇರಿದರು. ಚೀಟಿ ಎತ್ತಿದಾಗ ಸೌದೆ ಕೇಳಿದವಳಿಗೆ ಮೇಲಿನ ಮನೆಯೇ ಬಂತು. ಈಗ ಅವಳಿಗೆ ಕೆಳಗಿನ ಮನೆಯವರ ಬಗ್ಗೆ ಕನಿಕರ. ಅಲ್ಲಿ ಗಾಳಿಯೇ ಬರುವುದಿಲ್ಲವಂತೆ. ಜುಲೈಯಲ್ಲಿ ಹಳ್ಳ ತುಂಬಿ ಹಳೆಯ ಜಾಗದ ಮೇಲೆ ಹರಿಯಿತು. ನಾನೂ ಭಾವನೂ ಕೊಡೆ ಹಿಡಿದು ನೋಡಲು ಹೋದೆವು. ನೀರಿನ ನಡುವೆ ಅರ್ಧ ಗೋಡೆಯೊಂದು ನಿಂತಿತ್ತು; ನಾವು ನೋಡುತ್ತಿದ್ದಂತೆ ಅದೂ ಕೂತುಕೊಂಡಿತು.  ಚಳಿ ಆಗ್ತದೆ, ಹೋಗೋಣ ಎಂದರು ಭಾವ.

ಮರುವರ್ಷ ಏರಿನ ರಸ್ತೆಗೆ ಭಾವ ಸೂಚಿಸಿದರು, ನಾನು ಅನುಮೋದಿಸಿದೆ. ಬಂದ ಹಣಕ್ಕೆ ಕಾಂಕ್ರೀಟು ಅರ್ಧ ಏರಿನವರೆಗೆ ಬಂತು. ಅತ್ತೆ ಗಟ್ಟಿಯಾಗಿದ್ದಾರೆ, ಉಳಿದರ್ಧ ಯಾವಾಗ ಎಂದು ಇಬ್ಬರನ್ನೂ ಕೇಳುತ್ತಾರೆ.

ನಮ್ಮ ಅವಧಿ ಮುಗಿದಿದೆ. ಮುಂದಿನ ಸಲ ಗುಡ್ಡದ ವಾರ್ಡು ಮಹಿಳೆಗೆ ಬರುತ್ತದೆಂದು ಸುದ್ದಿ. ಭಾವ ತಮ್ಮ ಹೆಂಡತಿಯನ್ನು, ಅಂದರೆ ನಾನು ಅಕ್ಕ ಎಂದು ಕರೆಯುವವರನ್ನು, ನಿಲ್ಲಿಸುತ್ತಾರೆಂದೇ ಎಲ್ಲರೂ ಅಂದುಕೊಂಡಿದ್ದರು. ಮೊನ್ನೆ ಅವರು ಗೋಡೆಯಾಚೆಯಿಂದ ಬಂದು ನಮ್ಮ ಜಗಲಿಯಲ್ಲಿ ಕೂತು, ಬಹಳ ಹೊತ್ತು ಅಡಿಕೆಯ ಕೊಳೆರೋಗದ ಔಷಧಿಯ ವಿಷಯ ಮಾತಾಡಿದರು. ಏಳುವಾಗ ಹೇಳಿದರು:

"ಇಲ್ಲಿಗೆ ನೀನೇ ನಿಲ್ಲು. ನಿನ್ನ ಅಕ್ಕನ್ನ ನಿಲ್ಸಿದ್ರೆ ಅವಳು ನಾ ಹೇಳ್ದಂಗೇ ಕೈ ಎತ್ತಾಳೆ."

ಯೋಚನೆ ಮಾಡಿ ಹೇಳುತ್ತೇನೆ ಎಂದೆ. ಭಾವ ತಲೆಯಾಡಿಸಿ, ಚಪ್ಪಲಿ ಮೆಟ್ಟಿಕೊಂಡು ಹೋದರು.