ದೊಡ್ಡಮ್ಮನ ಕೈಗುಣ ಮತ್ತು ಗಿಡ್ಡ ಟೊಮೆಟೊ

ನನ್ನ ತಾಯಿಯ ಅಕ್ಕ, ಅಂದರೆ ನನ್ನ ದೊಡ್ಡಮ್ಮ, ತನ್ನ ಬೀದಿಯಲ್ಲಿ ಎರಡು ಕೆಲಸಕ್ಕೆ ಹೆಸರಾಗಿದ್ದಳು. ಒಂದು ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುವುದು, ಇನ್ನೊಂದು ಸಸಿ ನೆಡುವುದು. ಹೊಲಿಗೆಯನ್ನು ಯಾರೂ ಹೊಗಳುತ್ತಿರಲಿಲ್ಲ. ಗುಂಡಿ ಕಿತ್ತುಬಂದಾಗ ಮಾತ್ರ ಅವಳ ನೆನಪಾಗುತ್ತಿತ್ತು. ಸಸಿಯ ಮಾತು ಬೇರೆ. "ಹೊಲಿಗೆ ಅಮ್ಮನ ಕೈಗುಣ ಚೆನ್ನಾಗಿದೆ, ಅವರೇ ಮೊದಲನೇದು ನೆಡಲಿ" ಎಂದು ಜನ ಮನೆಗೆ ಬಂದು ಕರೆಯುತ್ತಿದ್ದರು. ದೊಡ್ಡಮ್ಮ ಕೊರಳಿನಿಂದ ಅಳತೆಪಟ್ಟಿ ತೆಗೆಯದೆಯೇ ಹೋಗಿ ನೆಟ್ಟು ಬರುತ್ತಿದ್ದಳು. ಬಂದವಳು ಕೈ ತೊಳೆಯುವಾಗ ನಲ್ಲಿಯ ಮುಂದೆ ಬೇಕಿದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತಿದ್ದಳು.

ನಾನು ಮೊದಲ ಕೆಲಸಕ್ಕೆ ಸೇರಿದಾಗ ಎರಡು ವರ್ಷ ಅವಳ ಮನೆಯಲ್ಲಿದ್ದೆ. ಅಣ್ಣ ತಮ್ಮಂದಿರು ನಡುವೆ ಗೋಡೆ ಹಾಕಿ ಹಂಚಿಕೊಂಡ ಮನೆ ಅದು. ಈಚೆಯ ಅರ್ಧದಲ್ಲಿ ದೊಡ್ಡಮ್ಮ, ಬಸ್ಸು ಓಡಿಸುವ ದೊಡ್ಡಪ್ಪ. ಆಚೆಯ ಅರ್ಧದಲ್ಲಿ ಅವಳ ಓರಗಿತ್ತಿ, ದೊಡ್ಡಪ್ಪನ ತಮ್ಮನ ಹೆಂಡತಿ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಆಕೆಯನ್ನು ಬೀದಿಯವರೆಲ್ಲ ನರ್ಸಮ್ಮ ಎನ್ನುತ್ತಿದ್ದರು. ಗೋಡೆ ಮನೆಯ ಒಳಗಷ್ಟೇ ಇತ್ತು. ಹಿತ್ತಿಲಿಗೆ ಗೋಡೆ ಹಾಕಲು ಇಟ್ಟಿಗೆ ಸಾಲದೆ, ಬಟ್ಟೆ ಒಣಗಿಸುವ ತಂತಿಯೇ ಗಡಿಯಾಗಿತ್ತು. ದೊಡ್ಡಮ್ಮನ ಹೊಲಿಗೆ ಯಂತ್ರ ಇದ್ದದ್ದು ಹಿತ್ತಿಲಿನ ಕಿಟಕಿಯ ಪಕ್ಕದಲ್ಲೇ.

ಆ ವರ್ಷ ಗುಣವಾಗಿ ಮನೆಗೆ ಹೊರಟ ರೋಗಿಯೊಬ್ಬರು ನರ್ಸಮ್ಮನಿಗೆ ಟೊಮೆಟೊ ಬೀಜದ ಪೊಟ್ಟಣವೊಂದನ್ನು ಕೊಟ್ಟರು. ಗಿಡ್ಡ ತಳಿ. ಮೊಣಕಾಲೆತ್ತರಕ್ಕೆ ನಿಂತುಬಿಡುತ್ತದೆ, ಬಕೆಟ್ಟಿನಲ್ಲೂ ಬೆಳೆಯಬಹುದು ಎಂದು ಪೊಟ್ಟಣದ ಮೇಲೆ ಬರೆದಿತ್ತು. ನರ್ಸಮ್ಮ ಅದನ್ನು ನೇರ ದೊಡ್ಡಮ್ಮನ ಹತ್ತಿರ ತಂದಳು.

"ಅಕ್ಕ, ಅರ್ಧ ನೀವು ಇಟ್ಕೊಳಿ. ನನ್ನ ಕೈಲಿ ಪ್ಲಾಸ್ಟಿಕ್ ಹೂವೂ ಬಾಡುತ್ತೆ."

"ಹಾಗೆಲ್ಲ ಅನ್ಬೇಡ್ವೇ. ನೀನೂ ಹಾಕು, ನಾನು ಹೇಳ್ಕೊಡ್ತೀನಿ" ಎಂದಳು ದೊಡ್ಡಮ್ಮ ಉದಾರವಾಗಿ.

ತಂತಿಯ ಆಚೆ ಆರು, ಈಚೆ ಆರು, ಬಣ್ಣ ಖಾಲಿಯಾದ ಹಳೆಯ ಬಕೆಟ್ಟುಗಳು ಕುಳಿತವು. ದೊಡ್ಡಮ್ಮ ಹಳ್ಳಿಯಲ್ಲಿ ತನ್ನ ತಂದೆಯಿಂದ ಟೊಮೆಟೊ ಕಲಿತವಳು. ನಮ್ಮ ತಾತ ಆಳೆತ್ತರದ ಕೋಲು ನೆಟ್ಟು, ಗಿಡವನ್ನು ಅದಕ್ಕೆ ಕಟ್ಟಿ, ಎಲೆ ಮತ್ತು ಕಾಂಡದ ಸಂದಿಯಲ್ಲಿ ಮೂಡುವ ಪಕ್ಕದ ಚಿಗುರನ್ನೆಲ್ಲ ಚಿವುಟುತ್ತಿದ್ದರು. ಆಗ ಗಿಡ ಒಂದೇ ಕಾಂಡದಲ್ಲಿ ಮೇಲೇರಿ ಹಣ್ಣು ದಪ್ಪವಾಗುತ್ತದೆ. ದೊಡ್ಡಮ್ಮನಿಗೆ ಅದು ಅಭ್ಯಾಸವಾಗಿತ್ತು. ಹೊಲಿದ ಬಟ್ಟೆಯಲ್ಲಿ ಉಳಿದ ದಾರದ ತುದಿ ಕಂಡರೆ ಅವಳ ಬೆರಳು ಹೇಗೆ ಸುಮ್ಮನಿರುತ್ತಿರಲಿಲ್ಲವೋ, ಗಿಡದ ಸಂದಿಯಲ್ಲಿ ಚಿಗುರು ಕಂಡರೂ ಹಾಗೆಯೇ. ಬೆಳಿಗ್ಗೆ ಯಂತ್ರಕ್ಕೆ ಎಣ್ಣೆ ಬಿಡುವ ಮೊದಲು ಆರೂ ಗಿಡ ಚಿವುಟಿ ಬರುತ್ತಿದ್ದಳು. ನರ್ಸಮ್ಮ ಪಾಳಿಯ ಕೆಲಸದವಳು. ನೆನಪಾದರೆ ನೀರು, ಇಲ್ಲದಿದ್ದರೆ ಅದೂ ಇಲ್ಲ.

ಏಳನೆಯ ವಾರಕ್ಕೆ ನರ್ಸಮ್ಮನ ಗಿಡಗಳು ಬಕೆಟ್ಟು ಕಾಣದ ಹಾಗೆ ಹರಡಿದವು. ಪ್ರತಿ ಕೊಂಬೆಯ ತುದಿಯಲ್ಲೂ ಹೂವು, ಅದರ ಹಿಂದೆಯೇ ಕಾಯಿ. ದೊಡ್ಡಮ್ಮನವು ಪೆನ್ಸಿಲಿನಂತೆ ನೆಟ್ಟಗೆ ನಿಂತು, ತಲೆಯ ಮೇಲೆ ಒಂದೊಂದು ಗೊಂಚಲು ಹೊತ್ತು, ಅಲ್ಲಿಗೆ ಬೆಳವಣಿಗೆ ಮುಗಿಸಿದವು.

ದೊಡ್ಡಮ್ಮ ಮೊದಲು ಮಣ್ಣನ್ನು ಬೈದಳು. ಆಮೇಲೆ ಬೀಜವನ್ನು. "ಒಳ್ಳೇ ಬೀಜ ಎಲ್ಲ ಆರಿಸಿ ತಾನಿಟ್ಕೊಂಡಿದ್ದಾಳೆ ನೋಡು" ಎಂದಳು ನನ್ನ ಹತ್ತಿರ.

"ಬೀಜ ನೋಡಿದ್ರೆ ಗೊತ್ತಾಗುತ್ತಾ ದೊಡ್ಡಮ್ಮ?"

"ನಿಂಗೆ ಗೊತ್ತಾಗಲ್ಲ, ಓದಿದೋಳು. ಆಸ್ಪತ್ರೆಯಿಂದ ಗ್ಲೂಕೋಸ್ ತಂದು ಹಾಕ್ತಿರ್ಬೇಕು. ಇಲ್ದಿದ್ರೆ ಕಾಯಿ ಹಾಗೆ ಊದುತ್ತಾ?"

ನಗು ಬಂದರೂ ನಗುವ ಧೈರ್ಯವಾಗಲಿಲ್ಲ. ಅವಳ ಸಂಕಟ ನಿಜವಾಗಿತ್ತು. ಯಂತ್ರದ ಮುಂದೆ ಕುಳಿತು ಆಚೆಯ ಕಾಯಿಗಳನ್ನು ಎಣಿಸುವಳು, ತುಳಿಯುವುದನ್ನು ಮರೆಯುವಳು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರುಮಾಡುವಳು. ಒಂದು ವಾರದಲ್ಲಿ ಎರಡು ಅಂಗಿಗೆ ತೋಳು ತಿರುವುಮುರುವಾದವು. ಆಮೇಲೆ ತಂತಿಯ ಮೇಲೆ ದಪ್ಪ ದುಪ್ಪಟಿಗಳನ್ನು ಒಣಹಾಕತೊಡಗಿದಳು. ಒಣಗಿದ್ದನ್ನು ಪುನಃ ನೆನೆಸಿ ಹಾಕಿದ್ದನ್ನೂ ನಾನು ಕಂಡೆ. ಬಟ್ಟೆ ಅಳತೆಗೆ ಬಂದವರು ಕಿಟಕಿಯಲ್ಲಿ ದುಪ್ಪಟಿ ಮಾತ್ರ ನೋಡಬೇಕು ಎಂಬುದು ಅವಳ ಲೆಕ್ಕ.

ದುಪ್ಪಟಿಗೆ ಮೂಲೆಮನೆಯ ಮೇಷ್ಟ್ರನ್ನು ತಡೆಯಲಾಗಲಿಲ್ಲ. ನಿವೃತ್ತರಾದ ಮೇಲೆ ಅವರಿಗೆ ಬೇರೆಯವರ ಹಿತ್ತಿಲು ನೋಡುವುದೇ ಕೆಲಸ. ಹೊಸ ಸಸಿ ತಂದಾಗಲೆಲ್ಲ ದೊಡ್ಡಮ್ಮನನ್ನೇ ಕರೆಯುತ್ತಿದ್ದವರು ಒಂದು ಭಾನುವಾರ ನಮ್ಮ ಬಾಗಿಲು ದಾಟಿ ಪಕ್ಕದ ಬಾಗಿಲು ತಟ್ಟಿದರು.

"ನರ್ಸಮ್ಮ, ಒಂಚೂರು ಬಂದು ಬದನೆ ಸಸಿ ನೆಟ್ಟುಕೊಡ್ತೀರಾ? ನಿಮ್ಮ ಕೈಗುಣ ನೋಡಿದೆ, ಭಾರಿ ಚೆನ್ನಾಗಿದೆ."

ಒಳಗೆ ಹೊಲಿಗೆಯ ಸದ್ದು ನಿಂತಿತು. ದೊಡ್ಡಮ್ಮ ಸೂಜಿಯ ಕೆಳಗೆ ಬೆರಳು ಕೊಟ್ಟುಕೊಂಡಿದ್ದಳು.

ಮರುದಿನ ಬೆರಳಿಗೆ ಬಟ್ಟೆ ಸುತ್ತಿಕೊಂಡು, ನನ್ನನ್ನು ಜೊತೆಗೆ ಕರೆದುಕೊಂಡು, ಬೀಜದಂಗಡಿಗೆ ಹೋದಳು. ಅಂಗಡಿಯವರು ಗಿಡ ಹೇಗಿದೆ ಎಂದು ಕೇಳಿ, ಕನ್ನಡಕ ಮೇಲೆತ್ತಿ, "ಪಕ್ಕದ ಚಿಗುರು ಚಿವುಟಿದ್ರಾ?" ಎಂದರು.

"ದಿನಾ ಚಿವುಟ್ತೀನಿ. ಒಂದೂ ಬಿಟ್ಟಿಲ್ಲ."

"ಅಯ್ಯೋ ತಾಯಿ! ಎತ್ತರದ ಜಾತಿಗೆ ಚಿವುಟಬೇಕು. ಇದು ಗಿಡ್ಡ ಜಾತಿ, ಇದಕ್ಕೆ ಹಣ್ಣು ಬರೋದೇ ಆ ಚಿಗುರುಗಳಲ್ಲಿ. ದಿನಾ ಬೆಳಿಗ್ಗೆ ಎದ್ದು ಹಣ್ಣು ಕಿತ್ತು ಬಿಸಾಕಿದ ಹಾಗಾಯ್ತಲ್ಲ."

ದೊಡ್ಡಮ್ಮ ಬಿರಬಿರನೆ ಮನೆಯ ಕಡೆ ನಡೆದಳು. ಮನೆಯ ತಿರುವಿನಲ್ಲಿ ನನ್ನ ತೋಳು ಹಿಡಿದು, "ಅವಳ ಮುಂದೆ ಬಾಯಿ ಬಿಟ್ಟೀಯ, ನೋಡು" ಎಂದಳು. ನಾನು ಬಾಯಿ ಬಿಡಲಿಲ್ಲ. ಅದು ಈಗಲೂ ನನ್ನನ್ನು ಚುಚ್ಚುತ್ತದೆ.

ಅಷ್ಟು ಹೊತ್ತಿಗೆ ನರ್ಸಮ್ಮನಿಗೆ ಗಿಡದ ಹುಚ್ಚು ಹಿಡಿದಿತ್ತು. ಉಳಿದ ಬೀಜದಿಂದ ಇನ್ನೂ ಆರು ಸಸಿ ಎಬ್ಬಿಸಿದಳು. ಅವು ಗೇಣುದ್ದ ಆದಾಗ ದುಪ್ಪಟಿ ಸರಿಸಿ ತಲೆ ಹಾಕಿದಳು.

"ಅಕ್ಕ, ಹೋದ ಸಲ ಏನೋ ಅದೃಷ್ಟಕ್ಕೆ ಬಂತು. ಈ ಸಲ ಸರಿಯಾಗಿ ಮಾಡೋಣ ಅಂತ. ನಿಮ್ಮ ಥರ ಚಿಗುರು ಚಿವುಟ್ಲಾ?"

ನಾನು ಬಾಗಿಲಲ್ಲೇ ಇದ್ದೆ. ದೊಡ್ಡಮ್ಮ ನನ್ನತ್ತ ನೋಡಲಿಲ್ಲ.

"ಚಿವುಟು. ಬಿಟ್ರೆ ಪೊದೆ ಆಗುತ್ತೆ."

"ಹಾಗಾದ್ರೆ ನೀವೇ ಬನ್ನಿ. ನಾನು ಎಲ್ಲೋ ಚಿವುಟಕ್ಕೆ ಹೋಗಿ ಇನ್ನೆಲ್ಲೋ ಚಿವುಟ್ತೀನಿ. ನಿಮ್ಮ ಕೈಲೇ ಆಗ್ಲಿ."

ಹೇಳುವುದು ಸುಲಭವಾಗಿತ್ತು, ಈಗ ಕೈಯಾರೆ ಮಾಡುವುದೇ ಕುತ್ತಿಗೆಗೆ ಬಂತು. ದೊಡ್ಡಮ್ಮ ತಂತಿ ದಾಟಿ ಹೋಗಿ ಮೊದಲ ಗಿಡದ ಮುಂದೆ ಕುಳಿತಳು. ಚಿವುಟಿದಳು. ಎರಡನೆಯದು, ಮೂರನೆಯದು. ನರ್ಸಮ್ಮ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು, ರಕ್ತ ತೆಗೆಯುವುದನ್ನು ಕಲಿಯುವವಳ ಹಾಗೆ ಗಮನವಿಟ್ಟು ನೋಡುತ್ತಿದ್ದಳು. ನಾಲ್ಕನೆಯದಕ್ಕೆ ದೊಡ್ಡಮ್ಮ ಎದ್ದಳು.

"ಇವು ಮೂರು ಇನ್ನೂ ಎಳೇದು. ಇರ್ಲಿ ಬಿಡು, ಮುಟ್ಟಬೇಡ."

ಅವು ಎಳೆಯವಾಗಿರಲಿಲ್ಲ. ಆರೂ ಒಂದೇ ದಿನ ಮೊಳೆತಿದ್ದವು. ಆದರೆ ಆಮೇಲೂ ವಾರಕ್ಕೆರಡು ಸಲ ಹೋಗಿ ಆ ಮೊದಲ ಮೂರನ್ನು ಚಿವುಟುವುದನ್ನು ದೊಡ್ಡಮ್ಮ ಬಿಡಲಿಲ್ಲ. ಹೊಟ್ಟೆಕಿಚ್ಚು ಅವಳನ್ನು ಅರ್ಧ ದಾರಿಯಲ್ಲಿ ನಿಲ್ಲಿಸಿತ್ತು. ಹಿಂದೆ ಬರಲೂ ಬಿಡಲಿಲ್ಲ, ಪೂರ್ತಿ ಮುಂದೆ ಹೋಗಲೂ ಬಿಡಲಿಲ್ಲ.

ಎರಡು ತಿಂಗಳ ನಂತರ ಫಲ ಎಲ್ಲರ ಕಣ್ಣಿಗೆ ಬಿತ್ತು. ಮೂರು ಗಿಡ ಬಾಗಿ ಬಕೆಟ್ಟಿನ ಅಂಚಿಗೆ ಹಣ್ಣು ಒರಗಿಸಿದ್ದವು. ಇನ್ನು ಮೂರು ಬರೀ ಕಡ್ಡಿಗಳಾಗಿದ್ದವು. ಮೇಷ್ಟ್ರು ಬಂದರು. ದೊಡ್ಡಮ್ಮ ಹೊಲಿಯುತ್ತಿದ್ದ ಕಿಟಕಿಯ ಹೊರಗೇ ನಿಂತು ನರ್ಸಮ್ಮನನ್ನು ಕೇಳಿದರು.

"ಒಂದೇ ಬೀಜ, ಒಂದೇ ಮಣ್ಣು. ಇವು ಮೂರು ಯಾಕಮ್ಮ ಹೀಗೆ ಸೊರಗಿವೆ?"

"ಅವು ಮೂರು ಅಕ್ಕ ನೋಡ್ಕೊಂಡವು ಸಾರ್" ಎಂದಳು ನರ್ಸಮ್ಮ. ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಕೊಂಕಿದ್ದಿದ್ದರೆ ದೊಡ್ಡಮ್ಮ ತಡೆದುಕೊಳ್ಳುತ್ತಿದ್ದಳೇನೋ.

ಮೇಷ್ಟ್ರು ದನಿ ತಗ್ಗಿಸಿದರು. ತಗ್ಗಿಸಿದ ದನಿಯೂ ತರಗತಿಯ ಕೊನೆಯ ಬೆಂಚಿಗೆ ಕೇಳುವಂತಿತ್ತು. "ಏನ್ ಮಾಡೋದು. ವಯಸ್ಸಾಗ್ತಾ ಬಂದ ಹಾಗೆ ಕೆಲವರಿಗೆ ಕೈಗುಣ ಹೊರಟುಹೋಗುತ್ತೆ. ಪಾಪ, ಒಳ್ಳೇ ಕೈ ಆಗಿತ್ತು."

ದೊಡ್ಡಮ್ಮ ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಹೊರಗೆ ಬಂದು, ದುಪ್ಪಟಿಯನ್ನು ಎಳೆದು ಭುಜದ ಮೇಲೆ ಹಾಕಿಕೊಂಡು ತಂತಿಯ ಹತ್ತಿರ ನಿಂತಳು.

"ನನ್ನ ಕೈಗೆ ಏನೂ ಆಗಿಲ್ಲ ಮೇಷ್ಟ್ರೇ. ಈ ಗಿಡಾನ ಚಿವುಟಬಾರದು ಅಂತ ಗೊತ್ತಿತ್ತು. ಗೊತ್ತಿದ್ದೂ ಚಿವುಟಿದೆ."

ನರ್ಸಮ್ಮ ನಿಧಾನವಾಗಿ ಕೇಳಿದಳು. "ಗೊತ್ತಿದ್ದೂನಾ ಅಕ್ಕ?"

"ಹೂಂ."

"ಯಾಕೆ?"

"ಯಾಕೆ ಅಂದ್ರೆ? ನಿನ್ನ ಗಿಡ ನೋಡಿ ನಂಗೆ ನಿದ್ದೆ ಬರ್ತಿರ್ಲಿಲ್ಲ. ಕೈ ಚೆನ್ನಾಗೇ ಇದೆ ಕಣೇ. ಹೊಟ್ಟೆ ಸರಿ ಇಲ್ಲ."

ಕೆಟ್ಟವಳು ಎನಿಸಿಕೊಂಡರೂ ಸರಿ, ಕೈ ಕೆಟ್ಟವಳು ಎನಿಸಿಕೊಳ್ಳಲು ಅವಳು ಸಿದ್ಧಳಿರಲಿಲ್ಲ. ನರ್ಸಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಹನ್ನೊಂದು ದಿನ ಇಬ್ಬರಿಗೂ ಮಾತಿರಲಿಲ್ಲ. ದೊಡ್ಡಪ್ಪ, "ಮನೆಗೊಂದು ಗೋಡೆ ಸಾಲದು ಅಂತ ಈಗ ಇನ್ನೊಂದು ಕಟ್ಟಿದ್ಯಾ?" ಎಂದಾಗ ದೊಡ್ಡಮ್ಮ ಯಂತ್ರವನ್ನು ಇನ್ನೂ ಜೋರಾಗಿ ತುಳಿದಳು.

ಹನ್ನೆರಡನೆಯ ದಿನ ಮೇಷ್ಟ್ರು ಮೆಣಸಿನ ಸಸಿಯ ತಟ್ಟೆ ಹಿಡಿದು ಬಂದು, ಎರಡು ಬಾಗಿಲುಗಳ ನಡುವೆ ನಿಂತುಬಿಟ್ಟರು. ಯಾವುದನ್ನು ತಟ್ಟಿದರೆ ಯಾರಿಗೆ ನೋವು ಎಂದು ಅವರಿಗೂ ತೋಚಲಿಲ್ಲ. ನರ್ಸಮ್ಮ ಹೊರಗೆ ಬಂದಳು.

"ಅಕ್ಕನ್ನೇ ಕರೀರಿ ಸಾರ್. ಕೈ ಸರಿ ಇದೆಯಂತೆ. ಆದ್ರೆ ನಾನು ಪಕ್ಕದಲ್ಲೇ ನಿಂತಿರ್ತೀನಿ."

ದೊಡ್ಡಮ್ಮ ಕೇಳಿಸದವಳ ಹಾಗೆ ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಇಬ್ಬರೂ ಸೇರಿ ನೆಟ್ಟರು. ದೊಡ್ಡಮ್ಮ ಗುಳಿ ತೋಡಿದಳು, ನರ್ಸಮ್ಮ ಸಸಿ ಎತ್ತಿ ಕೊಟ್ಟಳು.

ಮನೆಗೆ ಬಂದ ದೊಡ್ಡಮ್ಮ ಊಟದ ತಟ್ಟೆಯ ಮುಂದೆ ಅನ್ನ ಮುಟ್ಟದೆ ಕುಳಿತಳು. ಏನಾಯಿತು ಎಂದು ಕೇಳಿದೆ.

"ಸಸಿನ ಕಾಂಡ ಹಿಡಿದು ಎತ್ತಲ್ಲ ಅವಳು. ಎಲೆ ಹಿಡಿದು ಎತ್ತುತ್ತಾಳೆ, ಕಾಂಡ ನಲುಗದ ಹಾಗೆ. ನಮ್ಮಪ್ಪ ನಂಗೆ ಅದನ್ನ ಕಲಿಸಕ್ಕೆ ಎರಡು ವರ್ಷ ಬೈದಿದ್ರು. ಇವಳಿಗೆ ಯಾರೇ ಹೇಳ್ಕೊಟ್ರು?"

"ಕೇಳಿ ಬರ್ಲಾ?"

"ಬೇಡ. ಯಾರೂ ಹೇಳ್ಕೊಟ್ಟಿಲ್ಲ ಅಂದ್ಬಿಟ್ರೆ ಮತ್ತೆ ನಿದ್ದೆ ಬರಲ್ಲ" ಎಂದಳು ದೊಡ್ಡಮ್ಮ. ಅನ್ನ ಆರುತ್ತಿತ್ತು.