ತಾರಸಿಯ ಅರವತ್ತಮೂರು ಟಿನ್ನುಗಳು

ಯಾರ ಬಗ್ಗೆ ಬರೆಯುತ್ತೇವೋ ಅವರ ಮಾತಷ್ಟೇ ವರದಿಯಲ್ಲಿ ಇರಬಾರದು, ಸಂಬಂಧಪಟ್ಟ ಇನ್ನೊಬ್ಬರನ್ನೂ ಕೇಳಬೇಕು. ಇದು ನಾನು ಪತ್ರಿಕೆಯ ಮೊದಲ ನೌಕರಿಯಲ್ಲಿ ಕಲಿತ ನಿಯಮ. ಇಪ್ಪತ್ತು ವರ್ಷಗಳಲ್ಲಿ ಒಮ್ಮೆಯೂ ಮುರಿದಿಲ್ಲ. ದೆಹಲಿಯ ಪೀತಮ್‌ಪುರದ ನಮ್ಮ ಕಟ್ಟಡದ ತಾರಸಿಯ ವಿಷಯದಲ್ಲೂ ಮುರಿಯಲಿಲ್ಲ.

ನಾನು ಅಲ್ಲಿ ಎರಡನೇ ಮಹಡಿಯ ಬಾಡಿಗೆದಾರಳು. ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿ ಕರಾವಳಿಯ ಗಂಡ ಹೆಂಡತಿ ಇದ್ದಾರೆ. ಗಂಡ ಹತ್ತಿರದ ದಕ್ಷಿಣ ಭಾರತೀಯ ಹೋಟೆಲಿನಲ್ಲಿ ಅಡುಗೆಯವರು. ಹೆಂಡತಿಯನ್ನು ನಾನು ಅಕ್ಕ ಎನ್ನುತ್ತೇನೆ. ದೆಹಲಿಗೆ ಬಂದು ಹದಿನೈದು ವರ್ಷವಾದರೂ ಇಲ್ಲಿ ಯಾರೂ ತನ್ನನ್ನು ಒಂದು ಮಾತು ಕೇಳಿದ್ದಿಲ್ಲ ಎಂದು ಅವರೇ ಹೇಳಿದ್ದರು. "ನಾನು ಅಡುಗೆಯವರ ಹೆಂಡತಿ. ಅಷ್ಟೇ."

ಊರಿನಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಸಳೆಯ ಕಡ್ಡಿಯಿಂದ ತೋಟ ಶುರುವಾಯಿತು. ಹೋಟೆಲಿನಲ್ಲಿ ಖಾಲಿಯಾದ ಎಣ್ಣೆ ಟಿನ್ನುಗಳು, ಗೊಬ್ಬರಕ್ಕೆ ಅಲ್ಲಿನ ಕಾಫಿ ಚರಟ, ಬೇಸಿಗೆಯ ನೆರಳಿಗೆ ತಂತಿಗೆ ಕಟ್ಟಿದ ಹಳೆಯ ಸೀರೆಗಳು. ದೆಹಲಿಯ ಚಳಿಗೆ ಬಸಳೆ ಉಳಿಯುವುದಿಲ್ಲ. ದೀಪಾವಳಿ ಕಳೆಯುತ್ತಲೇ ಅಕ್ಕ ಕಡ್ಡಿ ಕತ್ತರಿಸಿ ಡಬ್ಬದಲ್ಲಿ ನೆಟ್ಟು ಒಲೆಯ ಪಕ್ಕ ಇಡುತ್ತಿದ್ದರು. ಹೋಳಿಯ ಹೊತ್ತಿಗೆ ಅದು ಮತ್ತೆ ಬಿಸಿಲಿಗೆ ಬರುತ್ತಿತ್ತು.

ಕಟ್ಟಡದ ಹೆಂಗಸರು ಒಬ್ಬೊಬ್ಬರಾಗಿ ಮೇಲೆ ಹತ್ತಿದರು. ಮೊದಲು ಬಂದವಳು ಮೂರನೇ ಮಹಡಿಯ ಪಂಜಾಬಿ ಸೊಸೆ. ಅತ್ತೆಯನ್ನು ಕೇಳದೆ ಅವಳು ಹೋಗಬಹುದಾದ ಜಾಗ ಅದೊಂದೇ. ಅಕ್ಕ ಹೇಳಿಕೊಟ್ಟಂತೆ ಮೇಥಿ, ಬೆಂಡೆ ಬೆಳೆದಳು. ಅಕ್ಕನ ಹಿಂದಿ ಅವಳ ಜೊತೆಗೇ ಬೆಳೆಯಿತು.

"ದೀದಿ, ಈ ಬಸಳೆ ಬರೀ ಲೋಳೆ. ನಿಮ್ಮವರು ಹೇಗೆ ತಿಂತಾರೆ?"

"ನಿನ್ನ ಅತ್ತೆಗೆ ತಿನ್ನಿಸು. ಮಾತು ಸಲೀಸಾಗಿ ಜಾರ್ತದೆ."

"ಅದು ಈಗಲೇ ನಿಲ್ತಿಲ್ಲ ದೀದಿ!"

ಅಕ್ಕ ನನ್ನನ್ನು ಮೊದಮೊದಲು ಮೇಡಂ ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಮಣ್ಣಿನ ಚೀಲವನ್ನು ಮೇಲೆ ಹೊತ್ತು ತಂದುಕೊಟ್ಟೆ. "ಏ ಮಾರಾಯ್ತಿ, ಪೇಪರಿನವರಿಗೂ ಸೊಂಟ ಉಂಟಾ!" ಎಂದು ನಕ್ಕರು. ಅಂದಿನಿಂದ ನಾನು ಮಾರಾಯ್ತಿ.

ತೋಟದ ಬಗ್ಗೆ ಬರೆಯುತ್ತೇನೆ ಎಂದಾಗ ಅವರು ಒಳಗೆ ಹೋಗಿ ಸೀರೆ ಬದಲಿಸಿ ಬಂದರು. ಪಕ್ಕದ ಬ್ಲಾಕಿನ ಹೆಂಗಸರು ತಮಗೂ ಕಲಿಸಿ ಎಂದು ಕೇಳಿದ್ದರು. ಪೇಪರಿನಲ್ಲಿ ಬಂದರೆ ಅವರ ಮನೆಯವರೂ ಒಪ್ಪಿಯಾರು ಎಂಬ ಆಸೆ. "ನನ್ನ ಹೆಸರು ಹಾಕು ಮಾರಾಯ್ತಿ. ಇಂಥವರ ಹೆಂಡತಿ ಅಂತ ಬೇಡ." ನಾನು ಟಿನ್ನುಗಳನ್ನು ಎರಡು ಸಲ ಎಣಿಸಿದೆ. ಅರವತ್ತಮೂರು.

ಆಮೇಲೆ ನೋಯ್ಡಾದಲ್ಲಿರುವ ಮನೆ ಮಾಲೀಕರಿಗೆ ಫೋನ್ ಮಾಡಿದೆ. ತಾರಸಿ ಅವರದು, ಅವರ ಮಾತೂ ಬೇಕಿತ್ತು. ಮೆಚ್ಚುಗೆಯ ಎರಡು ವಾಕ್ಯ ಸಿಗಬಹುದೆಂದುಕೊಂಡಿದ್ದೆ.

"ಹೌದು, ನಾಲ್ಕೈದು ಕುಂಡ ಇಟ್ಕೊಳ್ಳಿ ಅಂದಿದ್ದೆ. ಈಗ ಎಷ್ಟಿವೆ?"

ನೋಟ್‌ಬುಕ್ ನೋಡಿ ಹೇಳಿದೆ.

"ಎಲ್ಲದರಲ್ಲೂ ಮಣ್ಣು ತುಂಬಿದೆಯಾ? ಒಂದೊಂದು ಎಷ್ಟು ತೂಕ?"

ಸುಮಾರು ಇಪ್ಪತ್ತು ಕಿಲೋ ಎಂದೆ. ಅವರು "ಅಚ್ಛಾ" ಎಂದು ಫೋನ್ ಇಟ್ಟರು.

ಭಾನುವಾರ ಒಬ್ಬ ಮೇಸ್ತ್ರಿಯನ್ನು ಕರೆದುಕೊಂಡು ಬಂದರು. ಮೂರನೇ ಮಹಡಿಯ ಸೀಲಿಂಗಿನಲ್ಲಿ ಅಂಗೈಯಗಲದ ತೇವದ ಕಲೆ ಇತ್ತು. ತೂಕಕ್ಕೆ, ನೀರಿಗೆ ತಾರಸಿ ಹಾಳಾದೀತೆಂಬ ಮಾಲೀಕರ ಹೆದರಿಕೆಗೆ ಆಧಾರವಿತ್ತು. ಅದನ್ನು ಬರೆಯದಿದ್ದರೆ ತಪ್ಪಾಗುತ್ತದೆ. ಅರ್ಧ ಟಿನ್ನುಗಳನ್ನಾದರೂ ಗೋಡೆಯ ಅಂಚಿಗೆ ಇಟ್ಟುಕೊಳ್ಳಬಹುದೇ ಎಂದು ಅಕ್ಕ ಕೇಳಿದರು. ಕೋಣೆ ಬೇಕೋ ತೋಟ ಬೇಕೋ ಎಂದು ಮಾಲೀಕರು ಕೇಳಿದರು.

ಖಾಲಿ ಮಾಡಲು ಎರಡು ದಿನ ಹಿಡಿಯಿತು. ಸೊಸೆ ತನ್ನ ಮೇಥಿಯ ಟಿನ್ನನ್ನು ಅವುಚಿಕೊಂಡು ಮೆಟ್ಟಿಲಿಳಿದಳು. ನಾನು ಮಣ್ಣನ್ನು ಚೀಲಕ್ಕೆ ತುಂಬುತ್ತಿದ್ದೆ. ಅಕ್ಕ ನನ್ನ ಎದುರಿಗೆ ಕೂತು ಬಸಳೆಯ ಬಳ್ಳಿಯನ್ನು ಗೇಣುದ್ದಕ್ಕೆ ಕತ್ತರಿಸುತ್ತಿದ್ದರು.

"ಮಾಲೀಕರನ್ನು ಕೇಳ್ಲೇಬೇಕಿತ್ತಾ?"

"ಕೇಳಲೇಬೇಕು ಅಕ್ಕಾ. ನಿಯಮ."

ಅವರು ಇನ್ನೆರಡು ಕಡ್ಡಿ ಕತ್ತರಿಸಿದರು. "ಅವರನ್ನು ಕೇಳ್ಲಾ ಅಂತ ನನ್ನನ್ನು ಒಂದು ಮಾತು ಕೇಳ್ಬಹುದಿತ್ತಲ್ಲ."

ಅಕ್ಕನ ವಯಸ್ಸು, ಊರು, ಟಿನ್ನುಗಳ ಸಂಖ್ಯೆ, ಗಿಡಗಳ ಹೆಸರು ಎಲ್ಲವನ್ನೂ ಕೇಳಿ ಬರೆದುಕೊಂಡಿದ್ದೆ. ಆ ಒಂದು ಪ್ರಶ್ನೆ ನನಗೆ ಹೊಳೆದಿರಲೇ ಇಲ್ಲ.

ವರದಿ ಅಚ್ಚಾಗಲಿಲ್ಲ. ತೋಟ ಹೋದ ಮೇಲೆ ನಾನೇ ಹಿಂದಕ್ಕೆ ತೆಗೆದುಕೊಂಡೆ. ಅದರೊಂದಿಗೆ ಅವರ ಹೆಸರೂ ಹೋಯಿತು. ಪಕ್ಕದ ಬ್ಲಾಕಿನ ಹೆಂಗಸರು ಮತ್ತೆ ಕೇಳಿಕೊಂಡು ಬರಲಿಲ್ಲ. ಮೂರನೇ ಮಹಡಿಯ ಅತ್ತೆ ಈಗ ಬೆಳಿಗ್ಗೆ ಹಗ್ಗ ಕಟ್ಟಿದ ಬುಟ್ಟಿಯನ್ನು ಬಾಲ್ಕನಿಯಿಂದ ಇಳಿಸುತ್ತಾರೆ, ಗಾಡಿಯ ಭಯ್ಯಾ ತರಕಾರಿ ತುಂಬಿಸುತ್ತಾನೆ. ಸೊಸೆಗೆ ಮೆಟ್ಟಿಲು ಹತ್ತಲು ಯಾವ ನೆಪವೂ ಉಳಿದಿಲ್ಲ.

ತಾರಸಿ ಖಾಲಿಯಾದ ದಿನ ಅಕ್ಕ ಕಡ್ಡಿಗಳನ್ನು ಎಲ್ಲರಿಗೂ ಹಂಚಿದರು. ನನ್ನ ಬಾಗಿಲಿಗೂ ಬಂದರು.

"ನಿಮಗೂ ಒಂದು, ಮೇಡಂ. ನಿಮ್ಮ ಬಾಲ್ಕನಿಗೆ ಬಿಸಿಲಿಲ್ಲ. ಒಲೆ ಪಕ್ಕ ಇಡಿ."

ಇಟ್ಟೆ. ಜನವರಿಯಲ್ಲಿ ಎರಡು ಎಲೆ ಬಂದವು. ಡಬ್ಬವನ್ನು ಎತ್ತಿಕೊಂಡು ಮೇಲೆ ಹೋಗಿ ತೋರಿಸಿದೆ. ತಾರಸಿಯಲ್ಲಿ ಟಿನ್ನುಗಳಿದ್ದ ಜಾಗದಲ್ಲಿ ತುಕ್ಕಿನ ಚೌಕಗಳು ಉಳಿದಿದ್ದವು. ಅಕ್ಕ ಬಾಗಿಲಲ್ಲೇ ನಿಂತು ಬೆರಳಿನಿಂದ ಎಲೆಯ ಅಡಿ ಮುಟ್ಟಿ ನೋಡಿದರು.

"ನೀರು ಜಾಸ್ತಿ ಹಾಕ್ತಿದ್ದೀರಿ ಮೇಡಂ" ಎಂದು ಹೇಳಿ ಒಳಗೆ ಹೋದರು.