ಖಾಲಿ ಬಿಟ್ಟ ಜ್ವರದ ಕಾಲಂ

ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದ ಆ ನರ್ಸಿಗೆ ಸಹೋದ್ಯೋಗಿಗಳು ಇಟ್ಟ ಹೆಸರು ಪಾಯಿಂಟ್ ಸಿಸ್ಟರ್. ಹೊಸಬರು ಯಾರಾದರೂ ರೋಗಿಯ ಜ್ವರ ಮೂವತ್ತೊಂಬತ್ತು ಡಿಗ್ರಿ ಸೆಲ್ಸಿಯಸ್ ಎಂದರೆ ಸಾಕು, ಇವಳು ಬರೆಯುತ್ತಿದ್ದ ಹಾಳೆಯಿಂದ ತಲೆ ಎತ್ತದೆ “ಪಾಯಿಂಟ್ ಎಷ್ಟು?” ಎಂದು ಕೇಳುತ್ತಿದ್ದಳು. ನೋಡಿಲ್ಲ ಎಂದವರು ಮತ್ತೆ ಹೋಗಿ ನೋಡಿಕೊಂಡು ಬರಬೇಕಿತ್ತು.

ನಿವೃತ್ತಿಯಾದ ಮೇಲೂ ಆ ಅಭ್ಯಾಸ ಬಿಡಲಿಲ್ಲ. ಚಹಾದ ಹಾಲನ್ನು ಔಷಧಿಯ ಲೋಟದಲ್ಲಿ ಅಳೆಯುವಳು. ಅಡುಗೆಮನೆಯ ಡಬ್ಬಿಗಳಿಗೆಲ್ಲ ಬಿಳಿ ಪ್ಲಾಸ್ಟರ್ ಅಂಟಿಸಿ, ತುಂಬಿದ ದಿನಾಂಕ ಬರೆಯುವಳು.

“ದೊಡ್ಡಮ್ಮ, ಈ ಸಕ್ಕರೆನ ಯಾವ ವಾರ್ಡಿಗೆ ಅಡ್ಮಿಟ್ ಮಾಡಿದೀಯ?” ಎಂದು ತಂಗಿಯ ಮಗಳು ಕಾಲೆಳೆಯುತ್ತಿದ್ದಳು.

“ಹಲ್ಲು ಬಿಡ್ಬೇಡ. ಇರುವೆ ಹತ್ತಿದಾಗ ಗೊತ್ತಾಗುತ್ತೆ, ಎಷ್ಟು ದಿನದ್ದು ಅಂತ.”

ಆ ಹುಡುಗಿ ಹದಿಮೂರನೆಯ ವಯಸ್ಸಿನಲ್ಲಿ ಈ ಮನೆಗೆ ಬಂದವಳು. ಅಪ್ಪ ಅವಳಿಗೆ ನೆನಪೇ ಇಲ್ಲ. ಅಮ್ಮ ಒಂದು ದೊಡ್ಡ ಹೋಟೆಲಿನ ನೆಲಮಾಳಿಗೆಯಲ್ಲಿ ಹಾಸಿಗೆಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಒಂಬತ್ತು ವರ್ಷದ ಹಿಂದಿನ ಬೇಸಿಗೆಯಲ್ಲಿ ಆರು ದಿನ ಊರು ಹೆಂಚಿನಂತೆ ಕಾದಿತ್ತು. ನಾಲ್ಕನೆಯ ದಿನ ಮಧ್ಯಾಹ್ನ ಅವಳು ಇಸ್ತ್ರಿ ಮೇಜಿನ ಬಳಿಯೇ ಕುಸಿದಳು. ಸಂಜೆಯ ಹೊತ್ತಿಗೆ ದೊಡ್ಡಮ್ಮನ ಆಸ್ಪತ್ರೆಯಲ್ಲೇ ಹೋಗಿಬಿಟ್ಟಳು. ದೊಡ್ಡಮ್ಮನಿಗೆ ಗಂಡ ಮಕ್ಕಳು ಇರಲಿಲ್ಲ. ಹುಡುಗಿಯ ಬಟ್ಟೆ, ಪುಸ್ತಕ ಎರಡು ಚೀಲದಲ್ಲಿ ಈ ಮನೆಗೆ ಬಂದವು.

ಈಗ ಅವಳು ಕಾನೂನು ಓದುತ್ತಿದ್ದಳು, ನಾಲ್ಕನೆಯ ವರ್ಷ. ಅವಳೂ ಇನ್ನೂ ಹತ್ತು ಮಂದಿ ಗೆಳೆಯ ಗೆಳತಿಯರೂ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದರು. ಆಕಾಶಕ್ಕೆ ಹೊಗೆ ತುಂಬಿ ಭೂಮಿಯನ್ನು ಕಾಯಿಸಿದ ದೇಶಗಳು, ಅದರಿಂದ ಹಾನಿಗೊಳಗಾದವರಿಗೆ ಏನು ಕೊಡಬೇಕು ಎಂಬ ಪ್ರಶ್ನೆ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ಬಂದಿತ್ತು. ಅಲ್ಲಿ ಮಾತಾಡುವ ಹಕ್ಕು ದೇಶಗಳಿಗೆ ಮಾತ್ರ. ವಿದ್ಯಾರ್ಥಿಗಳನ್ನು ಬಾಗಿಲೊಳಗೂ ಬಿಡುವುದಿಲ್ಲ. ಆದರೆ ಒಂದು ಪುಟ್ಟ ದ್ವೀಪದೇಶದವರು, ನೀವು ಸಾಕ್ಷಿಗಳ ಹೇಳಿಕೆ ಸಂಗ್ರಹಿಸಿ ಕೊಡಿ, ನಮ್ಮ ಮನವಿಯ ಜೊತೆ ಲಗತ್ತಿಸುತ್ತೇವೆ ಎಂದು ಒಪ್ಪಿದ್ದರು. ಷರತ್ತು ಒಂದೇ: ಪ್ರತಿ ಹೇಳಿಕೆಗೂ ಒಂದು ದಾಖಲೆ ಬೇಕು.

ಹನ್ನೊಂದು ಮಂದಿ ದೊಡ್ಡಮ್ಮನ ಹೊರಕೋಣೆಯ ಫ್ಯಾನಿನ ಕೆಳಗೇ ಸಭೆ ಸೇರುತ್ತಿದ್ದರು. ಇವಳು ಹನ್ನೊಂದು ಲೋಟ ಚಹಾ ಅಳೆದು ಕೊಟ್ಟು, ಬಾಗಿಲ ಬಳಿ ನಿಂತು ಕೇಳಿಸಿಕೊಳ್ಳುವಳು.

“ಮೊದಲ ಹೇಳಿಕೆ ನಮ್ಮಮ್ಮನ ಸಾವಿನ ಬಗ್ಗೆ,” ಎಂದಳು ಹುಡುಗಿ ಒಂದು ದಿನ. “ಮರಣಪತ್ರದಲ್ಲಿ ಹೃದಯಸ್ತಂಭನ ಅಂತ ಇದೆ. ಅದು ಸಾಲಲ್ಲ. ಕೇಸ್ ಶೀಟ್‌ನಲ್ಲಿ ಜ್ವರ ಎಷ್ಟಿತ್ತು ಅಂತ ಇರುತ್ತಲ್ಲ? ಅದು ಸಿಕ್ರೆ ಬಿಸಿಲ ಝಳದ ಹೊಡೆತ ಅಂತ ಸಾಬೀತಾಗುತ್ತೆ.”

ದೊಡ್ಡಮ್ಮ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು. ಆ ಶೀಟಿನಲ್ಲಿ ಏನಿದೆ, ಏನಿಲ್ಲ ಎಂಬುದು ಅವಳಿಗೆ ಒಂಬತ್ತು ವರ್ಷದಿಂದ ಗೊತ್ತಿತ್ತು. ಹೇಳಬೇಕೆಂದು ಬಾಯಿ ತೆರೆದ ದಿನಗಳುಂಟು. ಪರೀಕ್ಷೆ ಮುಗಿಯಲಿ, ಸ್ವಲ್ಪ ದೊಡ್ಡವಳಾಗಲಿ ಎಂದು ಮುಂದೂಡುತ್ತ ಬಂದಿದ್ದಳು.

ಮುಂದಿನ ವಾರ ಇಬ್ಬರೂ ಆಸ್ಪತ್ರೆಯ ದಾಖಲೆ ಕೋಣೆಗೆ ಹೋದರು. ಕಬ್ಬಿಣದ ಕಪಾಟುಗಳ ನಡುವೆ ಕೂತಿದ್ದ ಗುಮಾಸ್ತ ಹಳೆಯ ಪರಿಚಯದವನು.

“ಬನ್ನಿ ಸಿಸ್ಟರ್. ಸಾವಿನ ಕಾರಣ ಹುಡುಕ್ತಿದೀರಾ? ಇಲ್ಲಿ ಎಲ್ಲರದೂ ಹೃದಯಸ್ತಂಭನವೇ. ಕೊನೆಗೆ ಯಾರ ಹೃದಯ ತಾನೇ ನಿಲ್ಲಲ್ಲ ಹೇಳಿ,” ಎಂದು ನಗುತ್ತ, ಏಣಿ ಹತ್ತಿ ಕಟ್ಟು ಇಳಿಸಿದ. ಧೂಳು ಕೊಡವಿ, ಹಾಳೆ ತೆಗೆದು ಹುಡುಗಿಯ ಮುಂದಿಟ್ಟ.

ನಾಡಿ ನೂರ ನಲವತ್ತೆಂಟು. ಉಸಿರು ಮೂವತ್ತಾರು. ರಕ್ತದೊತ್ತಡವೂ ಇತ್ತು. ಜ್ವರದ ಕಾಲಂ ಖಾಲಿ.

“ಇದೇನು, ಜ್ವರನೇ ನೋಡಿಲ್ವಾ?” ಎಂದಳು ಹುಡುಗಿ. ಆಮೇಲೆ ಅಕ್ಷರದ ಗುರುತು ಹಿಡಿದು ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳ ಶಾಲೆಯ ಪುಸ್ತಕಗಳ ಮೇಲೆಲ್ಲ ಹೆಸರು ಬರೆದುಕೊಟ್ಟದ್ದು ಇದೇ ಕೈ.

“ನೋಡಿದೀನಿ,” ಎಂದಳು ದೊಡ್ಡಮ್ಮ.

“ಮತ್ತೆ ಯಾಕೆ ಬರ್ದಿಲ್ಲ?”

ಗುಮಾಸ್ತ ತನಗೇನೋ ಕೆಲಸವಿದ್ದವನಂತೆ ಕಪಾಟಿನ ಹಿಂದಕ್ಕೆ ಸರಿದ. ದೊಡ್ಡಮ್ಮ ಅಲ್ಲೇ ಬೆಂಚಿನ ಮೇಲೆ ಕೂತು ಹೇಳಿದಳು.

ಆಗ ಇದ್ದದ್ದು ಪಾದರಸದ ಥರ್ಮಾಮೀಟರು. ಅದರ ಗೆರೆಗಳು ನಲವತ್ತೆರಡಕ್ಕೆ ಮುಗಿಯುತ್ತವೆ. ತಂಗಿಯದು ಅದರ ತುದಿ ಮುಟ್ಟಿತ್ತು. ಅದಕ್ಕಿಂತ ಎಷ್ಟು ಹೆಚ್ಚು ಎಂದು ಆ ಉಪಕರಣ ಹೇಳಲಾರದು. ಉಪಕರಣ ತೋರಿಸದ ಅಂಕಿಯನ್ನು ಬರೆಯಕೂಡದು, ಕಾಲಂ ಬಿಟ್ಟುಬಿಡಿ ಎಂದು ದೊಡ್ಡ ಡಾಕ್ಟರು ಕಲಿಸಿದ್ದರು. ವಿಭಾಗದಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಇವಳು ಎಲ್ಲರಿಗಿಂತ ಕಟ್ಟುನಿಟ್ಟಾಗಿ. ಹೊಸಬರಿಗೆ ಕಲಿಸಿದ್ದೂ ಇವಳೇ.

“ಅವತ್ತು ಕೆಳಗೆ ನಮ್ಮ ವಿಭಾಗದಲ್ಲಿ ಐಸ್ ಮುಗಿದಿತ್ತು. ಮೇಲಿನ ವಾರ್ಡಿನ ಫ್ರಿಜ್ಜಲ್ಲಿ ಇತ್ತು. ಅದಕ್ಕೇ ಮೇಲಕ್ಕೆ ಕಳಿಸ್ದೆ. ಮೊದ್ಲು ಐಸ್ ಇಡೋಕೆ ಹೇಳಪ್ಪಾ ಅಂತ ಟ್ರಾಲಿ ತಳ್ಳೋನಿಗೆ ಹೇಳ್ದೆ. ನನ್ನ ಮುಂದೆ ಇನ್ನೂ ಎಂಟು ಜನ ಮಲಗಿದ್ರು. ಅವನಿಗೂ ಉಸಿರಾಡೋಕೆ ಬಿಡುವಿರಲಿಲ್ಲ, ಹೇಳೋದು ಮರೆತ. ಮೇಲಿನವರು ಶೀಟ್ ನೋಡಿದ್ರು. ಜ್ವರ ಬರ್ದಿಲ್ಲ. ಇನ್ನೂ ನೋಡಿಲ್ಲ ಅಂದುಕೊಂಡ್ರು. ಟ್ರಾಲೀನ ಸಾಲಲ್ಲಿ ನಿಲ್ಲಿಸಿದ್ರು, ಗೋಡೆ ಪಕ್ಕ.”

“ಎಷ್ಟು ಹೊತ್ತು?”

“ನಲವತ್ತು ನಿಮಿಷ. ನಾನು ಮೇಲೆ ಹೋಗಿ ನೋಡೋವರೆಗೆ.”

“ಅಮ್ಮಂಗೆ ಎಚ್ಚರ ಇತ್ತಾ?”

“ಕೆಳಗೆ ಇತ್ತು. ಇಸ್ತ್ರಿ ಸ್ವಿಚ್ ಆಫ್ ಮಾಡಿದ್ನಾ, ಇಸ್ತ್ರಿ ಸ್ವಿಚ್ ಆಫ್ ಮಾಡಿದ್ನಾ ಅಂತ ಕೇಳ್ತಾನೇ ಇದ್ಲು. ಮಾಡಿದೀಯ ಅಂದೆ. ಮೇಲೆ ಹೋದಾಗ ಇರ್ಲಿಲ್ಲ.”

“ನಲವತ್ತೆರಡರ ಮೇಲೆ ಅಂತ ಬರೆದಿದ್ರೆ?”

“ಮೇಲೆ ತಲುಪಿದ ತಕ್ಷಣ ಐಸ್ ಇಡ್ತಿದ್ರು. ಉಳೀತಿದ್ಲಾ, ಅದು ಗೊತ್ತಿಲ್ಲ. ಉಳೀತಿದ್ಲು ಅಂತ ಹೇಳೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ.”

ಹುಡುಗಿ ಅಳಲಿಲ್ಲ. ಹಾಳೆಯ ಫೋಟೋ ತೆಗೆದುಕೊಂಡಳು. ಆಮೇಲೆ ಗುಮಾಸ್ತನನ್ನು ಕರೆದು, ಆ ಆರೂ ದಿನಗಳ, ಅದರ ಹಿಂದಿನ ಎರಡು ತಿಂಗಳ ಕಟ್ಟು ಕೊಡಿ ಎಂದಳು. ಮೂರು ದಿನ ಅಲ್ಲಿಯೇ ಕೂತು ಒಂದೊಂದೇ ಹಾಳೆ ತಿರುವಿದಳು. ನಾಡಿ, ಉಸಿರು, ರಕ್ತದೊತ್ತಡ ಎಲ್ಲ ಬರೆದು ಜ್ವರ ಮಾತ್ರ ಖಾಲಿ ಬಿಟ್ಟ ಹಾಳೆಗಳು ಹತ್ತೊಂಬತ್ತು ಸಿಕ್ಕವು. ಹಿಂದಿನ ಎರಡು ತಿಂಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಆರು ದಿನದಲ್ಲಿ ಹತ್ತೊಂಬತ್ತು ಸಲ ಜ್ವರ ನೋಡಲು ಮರೆಯುವ ನರ್ಸುಗಳು ಯಾವ ಆಸ್ಪತ್ರೆಯಲ್ಲೂ ಇರುವುದಿಲ್ಲ. ಖಾಲಿ ಏಕೆ ಬಿಡುತ್ತಿದ್ದರು ಎಂದು ಒಬ್ಬರು ಸಹಿ ಹಾಕಿ ಹೇಳಿದರೆ, ಆ ಹತ್ತೊಂಬತ್ತೂ ಸಾಕ್ಷಿಯೇ. ಹೇಳಬಲ್ಲವರಲ್ಲಿ ಉಳಿದಿದ್ದವಳು ದೊಡ್ಡಮ್ಮ ಒಬ್ಬಳೇ. ದೊಡ್ಡ ಡಾಕ್ಟರು ತೀರಿಕೊಂಡಿದ್ದರು; ಇನ್ನೂ ಕೆಲಸದಲ್ಲಿದ್ದ ನರ್ಸುಗಳು ನೌಕರಿಗೆ ಹೆದರಿ ಸಹಿ ಹಾಕುತ್ತಿರಲಿಲ್ಲ.

ಹೇಳಿಕೆ ಬರೆಯಲು ಮನೆಯಲ್ಲೇ ಕೂತರು. ಗುಂಪಿನ ಕನ್ನಡಕದ ಗೆಳತಿ ಲ್ಯಾಪ್‌ಟಾಪಿನಲ್ಲಿ ಬೆರಳಚ್ಚು ಮಾಡುತ್ತಿದ್ದಳು. ನಲವತ್ತು ನಿಮಿಷದ ವಿಷಯಕ್ಕೆ ಬಂದಾಗ ಅವಳ ಕೈ ನಿಂತಿತು.

“ಆಂಟಿ, ಇದನ್ನ ಬಿಟ್ಟುಬಿಡೋಣ್ವಾ? ಕೊಂದಿದ್ದು ಬಿಸಿಲಲ್ಲ, ಆಸ್ಪತ್ರೆ ಅಂತಾರೆ ಆ ಕಡೆಯ ವಕೀಲರು. ಕಾಲಂ ಯಾಕೆ ಖಾಲಿ ಅನ್ನೋದಷ್ಟೇ ಸಾಕಲ್ಲ ನಮಗೆ.”

ದೊಡ್ಡಮ್ಮ ಹುಡುಗಿಯ ಮುಖ ನೋಡಿದಳು. ಹುಡುಗಿ ಕಿಟಕಿಯ ಕಡೆ ನೋಡುತ್ತಿದ್ದಳು. ಆ ಮಾತನ್ನು ಕೈಬಿಟ್ಟರೆ ತನ್ನ ತಪ್ಪು ಈ ಮನೆಯ ಗೋಡೆ ದಾಟುವುದಿಲ್ಲ ಎಂಬುದು ದೊಡ್ಡಮ್ಮನಿಗೆ ತಿಳಿದಿತ್ತು.

“ಬಿಡೋದು ಬೇಡ,” ಎಂದಳು. “ಒಂದೇ ದಿನ ಅಷ್ಟು ಜನ ಬಂದು ಬಿದ್ರೆ ಯಾವ ಆಸ್ಪತ್ರೆ ತಾನೇ ತಡ್ಕೊಳ್ಳುತ್ತೆ? ಅದನ್ನೂ ಬರಿ. ಯಾರು ಬರೀದೆ ಬಿಟ್ರು ಅನ್ನೋದನ್ನೂ ಬರಿ. ನಂದೇ ಹೆಸರು ಹಾಕು.”

ನಿಯಮದ ಪ್ರಕಾರ ಹೇಳಿಕೆಯನ್ನು ಸಾಕ್ಷಿಗೆ ಓದಿ ಹೇಳಬೇಕು. ಹುಡುಗಿಯೇ ಓದಿದಳು. ಅಮ್ಮ ಎಂಬ ಜಾಗದಲ್ಲೆಲ್ಲ ‘ರೋಗಿ’ ಎಂದಿತ್ತು, ದೊಡ್ಡಮ್ಮ ಎಂಬಲ್ಲಿ ‘ಸಾಕ್ಷಿ’. ಒಂದು ಕಡೆಯೂ ದನಿ ತಪ್ಪಲಿಲ್ಲ. ಮುಗಿದ ಮೇಲೆ ಪೆನ್ನು ಕೊಟ್ಟು, ಸಹಿ ಎಲ್ಲಿ ಎಂದು ಬೆರಳಿಟ್ಟು ತೋರಿಸಿದಳು.

ಹದಿನೈದು ದಿನ ಕಳೆದ ಮೇಲೆ ಹುಡುಗಿ ಹಾಸ್ಟೆಲಿಗೆ ಹೋದಳು. ಕಾಲೇಜಿಗೆ ಹತ್ತಿರವಾಗುತ್ತದೆ ಎಂದಳು. ದೊಡ್ಡಮ್ಮ ಹ್ಞೂಂ ಎಂದಳು. ಈ ಮನೆಯಿಂದ ಕಾಲೇಜು ಬಸ್ಸಿನಲ್ಲಿ ಹನ್ನೆರಡು ನಿಮಿಷದ ದಾರಿ.

ಹೇಳಿಕೆಯನ್ನು ಲಗತ್ತಿಸಿದ್ದಾರೆ, ಪುಟ ಮುನ್ನೂರ ಹನ್ನೊಂದು ಎಂದು ತಿಳಿಸಲು ಒಂದು ತಿಂಗಳ ಮೇಲೆ ಅವಳು ಫೋನ್ ಮಾಡಿದಳು. ನ್ಯಾಯಾಧೀಶರು ಅಷ್ಟು ದೂರ ಓದುತ್ತಾರೋ ಇಲ್ಲವೋ ತಿಳಿಯದು ಎಂದಳು. ಮಾತ್ರೆ ತಪ್ಪಿಸುತ್ತಿಲ್ಲ ತಾನೆ ಎಂದೂ ಕೇಳಿದಳು.

“ಭಾನುವಾರ ಬರ್ತೀಯಾ?” ಎಂದಳು ದೊಡ್ಡಮ್ಮ.



“ನಿನ್ನ ಮೇಲೆ ಸಿಟ್ಟಿಲ್ಲ ದೊಡ್ಡಮ್ಮ. ಆದ್ರೆ ಅಲ್ಲಿ ಬಂದು ಕೂತ್ರೆ ಗಡಿಯಾರನೇ ನೋಡ್ತಿರ್ತೀನಿ. ನಲವತ್ತು ನಿಮಿಷ ಅಂದ್ರೆ ಎಷ್ಟು ಉದ್ದ ಅಂತ.”

“ಗೊತ್ತು ಪುಟ್ಟಿ. ನಾನೂ ನೋಡ್ತೀನಿ.”

“ಒಂಬತ್ತು ವರ್ಷದಿಂದಾನಾ?”

“ಹೂಂ.”

“ನಂಗೆ ಇನ್ನೂ ಎರಡೇ ತಿಂಗಳು,” ಎಂದಳು ಹುಡುಗಿ. “ಸ್ವಲ್ಪ ಟೈಮ್ ಕೊಡು.”